ಬೋರಿಗೆ ಯಾವ ಮೋಟಾರ್, ಸಂಪಿಗೆ ಯಾವುದು?

ಬೇಸಿಗೆ ಶುರುವಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಕಡೆಯಿಂದ ನನಗೆ ಬರುತ್ತದೆ. "ಎಷ್ಟು ಎಚ್‌ಪಿ ಮೋಟಾರ್ ಹಾಕಿಸಲಿ?" ಈ ಸಲ ಮೂವರು ಕೇಳಿದರು. ಒಬ್ಬ ಬೆಂಗಳೂರಿನಲ್ಲಿ ಮೂರು ಅಂತಸ್ತಿನ ಮನೆ ಕಟ್ಟಿಸಿದ ಗೆಳೆಯ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಬೇಕು. ಇನ್ನೊಬ್ಬ ನನ್ನ ಚಿಕ್ಕಪ್ಪನ ಮಗ. ಅವನದು ಹೊಸ ಬೋರ್. ಮೂರನೆಯವರು ಚಾಮರಾಜನಗರ ಕಡೆಯ ಓದುಗರು. ಅವರ ತೋಟಕ್ಕೆ ಕರೆಂಟ್ ಲೈನ್ ದೂರ, ಸೋಲಾರ್ ಹಾಕಿಸಬೇಕೋ ಬೇಡವೋ ಎಂಬ ಗೊಂದಲ.

ಮೂವರಿಗೂ ಹೇಳಿದ್ದು ಒಂದೇ ಮಾತು. ಎಚ್‌ಪಿ ಲೆಕ್ಕ ಕೊನೆಗೆ ಬರಲಿ. ಮೊದಲು ನಿಮ್ಮ ನೀರಿನ ಲೆಕ್ಕ ಹೇಳಿ.

ಇದನ್ನು ನಾವು ದುಡ್ಡು ಕೊಟ್ಟು ಕಲಿತೆವು. ನಮ್ಮ ತೋಟ ತಿಪಟೂರಿನ ಹತ್ತಿರ. ಬೋರಿನಲ್ಲಿ ಎರಡು ಇಂಚು ನೀರು ಬಿದ್ದಾಗ ಅಂಗಡಿಯವರು "ಏಳೂವರೆ ಇಳಿಸಿ, ನೀರು ಚಿಮ್ಮುತ್ತೆ" ಎಂದರು. ಅಪ್ಪ ಒಪ್ಪಿದರು. ಚಿಮ್ಮಿದ್ದೂ ನಿಜ, ಅರ್ಧ ಗಂಟೆ. ಆಮೇಲೆ ಪೈಪಿನಲ್ಲಿ ಬರೀ ಗಾಳಿ. ಎರಡು ಬೇಸಿಗೆಯಲ್ಲಿ ಎರಡು ಸಲ ಕಾಯಿಲ್ ಸುಟ್ಟಿತು. ಪ್ರತಿ ಸಲ ಮೋಟಾರ್ ಎತ್ತುವವರನ್ನು ಕಾಯುವುದು, ವೈಂಡಿಂಗ್ ಮಾಡಿಸುವುದು, ಮತ್ತೆ ಇಳಿಸುವುದು. ಅಷ್ಟು ದಿನ ತೆಂಗಿಗೆ ನೀರಿಲ್ಲ. ಮೂರನೇ ಸಲ 3 ಎಚ್‌ಪಿ ಇಳಿಸಿದೆವು. ಅದು ಇವತ್ತಿಗೂ ಓಡುತ್ತಿದೆ.

ಅಂಗಡಿಗೆ ಹೋಗುವ ಮೊದಲು

ಮೊದಲನೆಯದು ನೀರಿನ ಮಟ್ಟ. ಬೋರ್ 600 ಅಡಿ ಕೊರೆದಿದ್ದರೆ ಮೋಟಾರ್ 600 ಅಡಿಯಿಂದ ನೀರು ಎತ್ತುತ್ತದೆ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಮೋಟಾರ್ ಓಡುತ್ತಿರುವಾಗ ನೀರು ಎಷ್ಟು ಕೆಳಗೆ ಹೋಗಿ ನಿಲ್ಲುತ್ತದೋ, ಅಲ್ಲಿಂದ ಮೇಲಕ್ಕೆ ಎತ್ತುವ ಶ್ರಮ ಮಾತ್ರ ಮೋಟಾರಿನದು. ಆ ಎತ್ತರ, ನೆಲದಿಂದ ಟ್ಯಾಂಕಿನ ಎತ್ತರ, ಪೈಪಿನ ಒಳಗಿನ ಉಜ್ಜಾಟದ ನಷ್ಟ, ಈ ಮೂರೂ ಸೇರಿದರೆ 'ಹೆಡ್'. ಕಂಪನಿಯ ಪಟ್ಟಿಯಲ್ಲಿ ಇದನ್ನು ಮೀಟರಿನಲ್ಲಿ ಬರೆದಿರುತ್ತಾರೆ. ಒಂದು ಮೀಟರ್ ಅಂದರೆ ಸುಮಾರು 3.3 ಅಡಿ.

ಎರಡನೆಯದು ಗಂಟೆಗೆ ಎಷ್ಟು ನೀರು ಬರುತ್ತದೆ ಎಂಬುದು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ 'ಇಂಚು' ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ. ಬೋರ್ ಕೊರೆಯುವಾಗ ವಿ ಆಕಾರದಲ್ಲಿ ಕತ್ತರಿಸಿದ ತಗಡನ್ನು ಅಡ್ಡ ಇಟ್ಟು, ಅದರ ಮೇಲೆ ನೀರು ಎಷ್ಟು ಇಂಚು ಎತ್ತರ ಹರಿಯುತ್ತದೆ ಎಂದು ನೋಡುತ್ತಾರೆ. 90 ಡಿಗ್ರಿಯ ತಗಡಿನಲ್ಲಿ ಒಂದು ಇಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಅಂದರೆ 1,000 ಅಲ್ಲ, ಸುಮಾರು 2,900 ಲೀಟರ್. ಮೂರು ಇಂಚು ಅಂದರೆ ಸುಮಾರು 8,000. ಎತ್ತರ ದುಪ್ಪಟ್ಟಾದರೆ ನೀರು ಐದು ಪಟ್ಟಿಗಿಂತ ಜಾಸ್ತಿ. ಹಾಗಾಗಿ 'ಎರಡು', 'ಎರಡೂವರೆ' ಎಂಬ ಸಣ್ಣ ವ್ಯತ್ಯಾಸವೂ ಮೋಟಾರನ್ನೇ ಬದಲಾಯಿಸಿಬಿಡುತ್ತದೆ. ಕೆಲವರು ಪೈಪಿನ ಅಗಲವನ್ನೇ ಇಂಚು ಎನ್ನುತ್ತಾರೆ. ಯಾವ ಇಂಚು ಎಂದು ಕೇಳಿ. ಸಾಧ್ಯವಾದರೆ 200 ಲೀಟರಿನ ಡ್ರಮ್ ತುಂಬಲು ಎಷ್ಟು ಹೊತ್ತು ಬೇಕು ಎಂದು ನೀವೇ ನೋಡಿ. ಬೋರ್ ಕೊರೆದ ದಿನದ ಲೆಕ್ಕಕ್ಕಿಂತ ಏಪ್ರಿಲ್ ತಿಂಗಳ ಲೆಕ್ಕವನ್ನು ನಂಬಿ.

ಮೂರನೆಯದು ಕರೆಂಟ್: ಸಿಂಗಲ್ ಫೇಸೋ ತ್ರೀ ಫೇಸೋ, ದಿನಕ್ಕೆ ಎಷ್ಟು ಗಂಟೆ, ವೋಲ್ಟೇಜ್ ಎಷ್ಟು. ನಾಲ್ಕನೆಯದು ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂಬುದು. ಇದನ್ನು ಕೊಳ್ಳುವಾಗ ಯಾರೂ ಕೇಳುವುದಿಲ್ಲ. ಸುಟ್ಟ ದಿನ ಮಾತ್ರ ನೆನಪಾಗುತ್ತದೆ.

ಈಗ ಚಿಕ್ಕಪ್ಪನ ಮಗನ ಬೋರಿನ ಲೆಕ್ಕ ನೋಡೋಣ. ಓಡುವಾಗ ನೀರು ನಿಲ್ಲುವುದು 400 ಅಡಿಯಲ್ಲಿ, ಅಂದರೆ 122 ಮೀಟರ್. ಟ್ಯಾಂಕು, ಪೈಪಿನ ನಷ್ಟ ಸೇರಿಸಿ 137 ಮೀಟರ್ ಎನ್ನಿ. ನೀರು ಎರಡು ಇಂಚು, ಸೆಕೆಂಡಿಗೆ 0.8 ಲೀಟರ್. ಅಷ್ಟು ನೀರನ್ನು ಅಷ್ಟು ಎತ್ತರ ಏರಿಸಲು ಬೇಕಾದ ಶಕ್ತಿ ಸುಮಾರು 1.1 ಕಿಲೋವ್ಯಾಟ್, ಅಂದರೆ ಒಂದೂವರೆ ಎಚ್‌ಪಿ. ಪಂಪು ತನಗೆ ಸಿಕ್ಕ ಶಕ್ತಿಯಲ್ಲಿ ಅರ್ಧವನ್ನು ಮಾತ್ರ ನೀರಿಗೆ ಕೊಡುತ್ತದೆ ಎಂದು ಇಟ್ಟುಕೊಂಡರೂ 3 ಎಚ್‌ಪಿ ಸಾಕು. ಅದೇ ಮಟ್ಟದಲ್ಲಿ ಮೂರು ಇಂಚು ನೀರಿದ್ದರೆ ಮಾತ್ರ ಏಳೂವರೆಗೆ ಕೆಲಸ ಇದೆ.

3 ಎಚ್‌ಪಿಯಲ್ಲಿ ತೋಟ ನಡೆಯುತ್ತದಾ? ಗಂಟೆಗೆ 2,900 ಲೀಟರ್, ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟ್ ಬಂದರೆ 20,000 ಲೀಟರ್. ಬೇಸಿಗೆಯಲ್ಲಿ ಒಂದು ತೆಂಗಿಗೆ ಡ್ರಿಪ್‌ನಲ್ಲಿ 70 ಲೀಟರ್ ಎಂದು ಲೆಕ್ಕ ಹಿಡಿದರೆ 280 ಮರ. ಹೆಚ್ಚುಕಡಿಮೆ ನಾಲ್ಕು ಎಕರೆ. ಮೋಟಾರ್ ದೊಡ್ಡದು ಹಾಕಿದರೆ ಭೂಮಿಯ ಒಳಗಿನ ಸೆಲೆ ದೊಡ್ಡದಾಗುವುದಿಲ್ಲ ಅಲ್ವಾ?

ಮನೆಗೆ: ಮೇಲೆ ಕೂರುವ ಮೊನೊಬ್ಲಾಕೋ, ನೀರೊಳಗಿನ ಓಪನ್‌ವೆಲ್ಲೋ

ಮನೆಯ ವಿಷಯದಲ್ಲಿ ಕರೆಂಟ್ ಬಿಲ್ಲಿನ ಚಿಂತೆ ಬೇಡ. 1,000 ಲೀಟರ್ ನೀರನ್ನು 15 ಮೀಟರ್ ಏರಿಸಲು ಸಣ್ಣ ಪಂಪಿನ ನಷ್ಟವೆಲ್ಲ ಸೇರಿ ಕಾಲು ಯೂನಿಟ್ ಕೂಡ ಬೇಡ. ಹಾಗಾಗಿ ಇಲ್ಲಿ ನೋಡಬೇಕಾದ್ದು ಸದ್ದು, ತಾಪತ್ರಯ, ಸುರಕ್ಷತೆ.

ಮೊನೊಬ್ಲಾಕ್ ಬೆಲೆ ಕಡಿಮೆ. ಸಂಪಿನ ಪಕ್ಕದಲ್ಲಿ ಕೂರುತ್ತದೆ. ಕೆಟ್ಟರೆ ಬೀದಿಯ ಎಲೆಕ್ಟ್ರೀಷಿಯನ್ನೇ ಕಂಡೆನ್ಸರ್ ಬದಲಾಯಿಸಿ ಓಡಿಸಿಬಿಡುತ್ತಾರೆ. ಆದರೆ ಅದು ನೀರನ್ನು ಹೀರಿ ಎತ್ತಬೇಕು, ಮತ್ತು ಹೀರುವುದಕ್ಕೆ ಒಂದು ಮಿತಿ ಇದೆ. ನೀರನ್ನು ಪೈಪಿನೊಳಗೆ ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರ ಮಟ್ಟದಲ್ಲಿ ಆ ಒತ್ತಡ ಹೆಚ್ಚೆಂದರೆ 10.3 ಮೀಟರ್ ನೀರನ್ನು ಹಿಡಿದು ನಿಲ್ಲಿಸಬಲ್ಲದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 9.3ರ ಆಸುಪಾಸು. ಲೀಕು, ಪೈಪಿನ ನಷ್ಟ ಎಲ್ಲ ಕಳೆದು ಆರು ಮೀಟರಿನ ಮೇಲೆ ಭರವಸೆ ಇಡಬೇಡಿ. ಎಷ್ಟೇ ಎಚ್‌ಪಿ ಹಾಕಿದರೂ ಈ ಮಿತಿ ಬದಲಾಗುವುದಿಲ್ಲ. ಹೀರುವ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್‌ನಲ್ಲಿ ಒಂದು ಕಲ್ಲಿನ ಚೂರು ಸಿಕ್ಕಿಕೊಂಡರೂ ನೀರು ಇಳಿದುಹೋಗಿ ಏರ್ ಹಿಡಿಯುತ್ತದೆ. ಬೆಳಗ್ಗೆ ಸ್ನಾನದ ಹೊತ್ತಿಗೇ ಚೊಂಬು ಹಿಡಿದು ಪಂಪಿಗೆ ನೀರು ಸುರಿಯಬೇಕು.

ಸೆಲ್ಫ್ ಪ್ರೈಮಿಂಗ್ ಪಂಪಿನಲ್ಲಿ ಈ ಕಷ್ಟ ಕಡಿಮೆ. ಆದರೆ ಅದರ ಹಿತ್ತಾಳೆ ಚಕ್ರಕ್ಕೂ ಕವಚಕ್ಕೂ ನಡುವೆ ಜಾಗ ಬಹಳ ಕಿರಿದು. ಮರಳು ಬಂದರೆ ಬೇಗ ಸವೆಯುತ್ತದೆ. ಇನ್ನೊಂದು, ಈ ಬಗೆಯ ಪಂಪಿನಲ್ಲಿ ನೀರು ಹೋಗುವ ದಾರಿಯ ವಾಲ್ವ್ ಮುಚ್ಚಿದಷ್ಟೂ ಮೋಟಾರಿನ ಮೇಲೆ ಭಾರ ಜಾಸ್ತಿಯಾಗುತ್ತದೆ. ವಾಲ್ವ್ ಪೂರ್ತಿ ತೆರೆದೇ ಓಡಿಸಿ.

ಓಪನ್‌ವೆಲ್ ಮೋಟಾರ್ ಸಂಪಿನೊಳಗೇ ಮಲಗಿರುತ್ತದೆ. ಹೀರುವ ಕೆಲಸವೇ ಇಲ್ಲ, ಏರ್ ಹಿಡಿಯುವುದಿಲ್ಲ, ಸದ್ದು ಕೇಳಿಸುವುದಿಲ್ಲ. ಬೆಲೆ ಜಾಸ್ತಿ. ತಳದ ಒಂದಷ್ಟು ನೀರು ಯಾವಾಗಲೂ ಉಳಿದಿರಬೇಕು, ಮೋಟಾರ್ ತಂಪಾಗುವುದೇ ಆ ನೀರಿನಿಂದ. ಮುಖ್ಯ ಮಾತು ಇದು: ಕರೆಂಟ್ ಇರುವ ವಸ್ತು ನೀವು ಬಳಸುವ ನೀರಿನಲ್ಲೇ ಇದೆ. ಸರಿಯಾದ ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ತಾನಾಗಿ ಕಟ್ಟಾಗುವ ಇಎಲ್‌ಸಿಬಿ ಇಲ್ಲದೆ ದಯವಿಟ್ಟು ಇದನ್ನು ಹಾಕಿಸಬೇಡಿ. ಸಂಪು ತೊಳೆಯಲು ಯಾರೇ ಇಳಿಯಲಿ, ಸ್ವಿಚ್ ಮಾತ್ರ ಆರಿಸಿದರೆ ಸಾಲದು, ಮೇನ್ ತೆಗೆಯಿರಿ.

ಕರಾವಳಿಯವರಿಗೆ ಇಲ್ಲಿ ಆಯ್ಕೆ ಹೆಚ್ಚು ಸುಲಭ. ಮುರಕಲ್ಲಿನ ತೆರೆದ ಬಾವಿಯಲ್ಲಿ ಮಳೆಗಾಲದಲ್ಲಿ ನೀರು ಕೈಗೆ ಸಿಗುವಷ್ಟು ಮೇಲೆ ಇರುತ್ತದೆ, ಮೇ ತಿಂಗಳಲ್ಲಿ ತಳ ಕಾಣುತ್ತದೆ. ಮೇಲಿಟ್ಟ ಮೊನೊಬ್ಲಾಕ್ ಬೇಸಿಗೆಯಲ್ಲಿ ಕೈ ಕೊಡುತ್ತದೆ. ಓಪನ್‌ವೆಲ್ ಹಾಕಿಸಿದರೆ ಆ ತೊಂದರೆ ಇಲ್ಲ.

ಗೆಳೆಯನಿಗೆ ನಾನು ಅರ್ಧ ಎಚ್‌ಪಿ ಮೊನೊಬ್ಲಾಕ್ ಹೇಳಿದೆ. ಅವನ ಸಂಪು ಆರು ಅಡಿ ಆಳ, ಪಂಪ್ ಇಡಲು ಮೆಟ್ಟಿಲ ಕೆಳಗೆ ಜಾಗ ಇದೆ. ಮಲಗುವ ಕೋಣೆ ಆ ಗೋಡೆಗೆ ಅಂಟಿಕೊಂಡಿದ್ದರೆ ಓಪನ್‌ವೆಲ್ ಹೇಳುತ್ತಿದ್ದೆ.

ಬೋರಿಗೆ: ಸಬ್‌ಮರ್ಸಿಬಲ್‌ನಲ್ಲೇ ಮೂರು ಗೊಂದಲ

ಆಳದ ಬೋರಿಗೆ ನೀರಿನೊಳಗೆ ಮುಳುಗಿಯೇ ಓಡುವ ಸಬ್‌ಮರ್ಸಿಬಲ್ ಬಿಟ್ಟರೆ ಹೆಚ್ಚು ದಾರಿ ಇಲ್ಲ. ನೀರು ತೀರಾ ಕಡಿಮೆ ಇರುವ, ಮರಳು ತುಂಬಿದ ಬೋರಿಗೆ ಕಂಪ್ರೆಸರ್ ಹಾಕುವವರಿದ್ದಾರೆ. ಮೋಟಾರ್ ಮೇಲೇ ಇರುವುದರಿಂದ ಸುಟ್ಟರೂ ಪೈಪು ಎತ್ತುವ ಖರ್ಚಿಲ್ಲ. ಆದರೆ ಗಾಳಿಯಿಂದ ನೀರು ತಳ್ಳುವಾಗ ಬಹುಪಾಲು ಕರೆಂಟ್ ವ್ಯರ್ಥ. ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಮೊದಲ ಗೊಂದಲ ಸಿಂಗಲ್ ಫೇಸ್, ತ್ರೀ ಫೇಸ್. ಮೋಟಾರ್ ತಿರುಗಬೇಕಾದರೆ ಒಳಗಿನ ಕಾಂತಕ್ಷೇತ್ರವೂ ಸುತ್ತಬೇಕು. ಮೂರು ಫೇಸ್ ಒಂದರ ಹಿಂದೆ ಒಂದು ಬರುವುದರಿಂದ ಕ್ಷೇತ್ರ ತಾನಾಗಿ ಸುತ್ತುತ್ತದೆ. ಸಿಂಗಲ್ ಫೇಸಿನಲ್ಲಿ ಅದು ಸುಮ್ನೆ ಹಿಂದೆ ಮುಂದೆ ಬಡಿಯುತ್ತದೆ, ಅದಕ್ಕೇ ಕಂಡೆನ್ಸರ್ ಬೇಕು. ಹಾಗಾಗಿ ತ್ರೀ ಫೇಸ್ ಮೋಟಾರ್ ಹೆಚ್ಚು ಸರಳ, ಹೆಚ್ಚು ಗಟ್ಟಿ, ಕಡಿಮೆ ಕರೆಂಟ್ ತಿನ್ನುತ್ತದೆ. ತೋಟಕ್ಕೆ ಅದೇ ಸರಿ. ನಮ್ಮಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ, ಆದರೆ ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ. ಮನೆಬಳಕೆಯ ಬೋರಿಗೆ, ಆಳ ಕಡಿಮೆ ಇದ್ದು 1 ಅಥವಾ 1.5 ಎಚ್‌ಪಿ ಸಾಕಾಗುವುದಾದರೆ ಸಿಂಗಲ್ ಫೇಸ್ ಹಾಕಿಸಿ. ತ್ರೀ ಫೇಸ್ ಮೋಟಾರನ್ನು ಕಂಡೆನ್ಸರ್ ಸಿಕ್ಕಿಸಿ ಎರಡು ಫೇಸಿನಲ್ಲಿ ಓಡಿಸುವ ಅಭ್ಯಾಸ ಹಳ್ಳಿಗಳಲ್ಲಿದೆ. ಬೆಳೆ ಒಣಗುವಾಗ ಯಾಕೆ ಹಾಗೆ ಮಾಡುತ್ತಾರೆಂದು ನನಗೆ ಗೊತ್ತು. ಆದರೂ ಬೇಡ ಎನ್ನುತ್ತೇನೆ. ಮೂರು ಕಾಯಿಲ್‌ಗಳ ಭಾರ ಸಮವಾಗಿ ಹಂಚುವುದಿಲ್ಲ, ಒಂದು ಕಾಯಿಲ್ ಕಾದು ಕಾದು ಸುಡುತ್ತದೆ.

ಎರಡನೇ ಗೊಂದಲ ಆಯಿಲ್ ತುಂಬಿದ್ದೋ, ನೀರು ತುಂಬಿದ್ದೋ. ಆಯಿಲ್ ಮೋಟಾರ್ ಕಂಪನಿಯಿಂದಲೇ ಸೀಲ್ ಆಗಿ ಬರುತ್ತದೆ. ಹಾಗೇ ಇಳಿಸಬಹುದು. ಸಣ್ಣ ಅಳತೆಯ, ಮನೆಬಳಕೆಯ ಮೋಟಾರುಗಳಲ್ಲಿ ಇದೇ ಜಾಸ್ತಿ. ಸೀಲ್ ಹೋದರೆ ಆಯಿಲ್ ನೀರಿಗೆ ಸೇರುತ್ತದೆ. ಕುಡಿಯುವ ಬೋರಿಗೆ ನಾನು ಹಾಕಿಸುವುದಿಲ್ಲ. ನೀರು ತುಂಬುವ ಮೋಟಾರಿನಲ್ಲಿ ಆ ಭಯವಿಲ್ಲ. ಅದರ ಕಾಯಿಲ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ತಾಲ್ಲೂಕು ಕೇಂದ್ರದ ವೈಂಡಿಂಗ್ ಅಂಗಡಿಯಲ್ಲೇ ರಿಪೇರಿ ಆಗುತ್ತದೆ. ಇಳಿಸುವ ಮೊದಲು ಒಳಗೆ ಶುದ್ಧ ನೀರು ತುಂಬಿ, ಗಾಳಿ ಪೂರ್ತಿ ಹೊರಹೋಗುವ ತನಕ ಕಾಯಬೇಕು. ಅವಸರದಲ್ಲಿ ಇದನ್ನು ಬಿಟ್ಟುಬಿಡುವವರಿದ್ದಾರೆ. ಮುಂದೆ ನಿಂತು ನೋಡಿ. ನನ್ನ ಒಲವು ನೀರು ತುಂಬುವ ಮೋಟಾರಿನ ಕಡೆಗೇ.

ಮೂರನೆಯದು ವಿ4, ವಿ6. ಇದು ಬೋರಿನ ಅಗಲದ ಲೆಕ್ಕ, ಇಂಚಿನಲ್ಲಿ. ಆರೂವರೆ ಇಂಚಿನ ಬೋರಿಗೆ ಎರಡೂ ಇಳಿಯುತ್ತವೆ. ನೀರು ಕಡಿಮೆ ಇದ್ದರೆ ವಿ4, ಜಾಸ್ತಿ ಇದ್ದರೆ ವಿ6. ವಿ6ರ ಚಕ್ರಗಳು ದೊಡ್ಡವು, ಪ್ರತಿ ಸ್ಟೇಜೂ (ಒಂದರ ಮೇಲೊಂದು ಜೋಡಿಸಿದ ಒಂದೊಂದು ಚಕ್ರ) ಹೆಚ್ಚು ಎತ್ತರಕ್ಕೆ ನೀರು ತಳ್ಳುತ್ತದೆ. ಆದರೆ ಕೇಸಿಂಗ್ (ಬೋರಿನ ಗೋಡೆ ಕುಸಿಯದಂತೆ ಇಳಿಸುವ ಪೈಪು) ಸ್ವಲ್ಪ ಸೊಟ್ಟಗಿದ್ದರೂ, ಒಳಗೆ ಕಲ್ಲು ಉದುರಿದರೂ ವಿ6 ಸಿಕ್ಕಿಕೊಳ್ಳುವ ಅಪಾಯ ಜಾಸ್ತಿ. ಸಿಕ್ಕಿಕೊಂಡ ಮೋಟಾರ್ ಬೋರನ್ನೇ ಕಳೆಯಬಹುದು.

ಬಜೆಟ್ ಬಿಗಿ ಇದ್ದರೆ ಎಲ್ಲಿ ಕಡಿಮೆ ಮಾಡಬೇಕು ಎಂದೂ ಕೇಳುತ್ತಾರೆ. ಕಾಯಿಲ್ ತಾಮ್ರದ್ದೇ ಇರಲಿ. ಅಲ್ಯೂಮಿನಿಯಂ ತಂತಿ ಅದೇ ದಪ್ಪಕ್ಕೆ ತಾಮ್ರಕ್ಕಿಂತ ಸುಮಾರು 1.6 ಪಟ್ಟು ಹೆಚ್ಚು ತಡೆ ಒಡ್ಡುತ್ತದೆ, ಅಷ್ಟು ಬಿಸಿ ಜಾಸ್ತಿ. ಕೇಬಲ್ಲಿನ ದಪ್ಪದಲ್ಲೂ ಉಳಿಸಬೇಡಿ. ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ವೋಲ್ಟೇಜ್ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಬಲ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಗುತ್ತದೆ. ಊರ ಕೊನೆಯ ಟ್ರಾನ್ಸ್‌ಫಾರ್ಮರ್, ಅದರ ಮೇಲೆ 500 ಅಡಿ ತೆಳು ಕೇಬಲ್. ಮೋಟಾರ್ ಶುರುವಾಗುವಾಗ ಮಾಮೂಲಿಗಿಂತ ಆರು ಪಟ್ಟು ಕರೆಂಟ್ ಎಳೆಯುತ್ತದೆ. ಪಾಪ, ಎಲ್ಲಿಂದ ತಿರುಗಬೇಕು? ಉಳಿಸಲೇಬೇಕೆಂದರೆ ಎಚ್‌ಪಿಯಲ್ಲಿ ಉಳಿಸಿ.

ಸೋಲಾರ್: ಎರಡು ಬಗೆಯ ಮೋಟಾರ್

ಸೋಲಾರ್ ಪಂಪಿನಲ್ಲಿ ಬಿಎಲ್‌ಡಿಸಿ ಮತ್ತು ಎಸಿ ಎಂಬ ಎರಡು ಬಗೆ ಸಿಗುತ್ತವೆ. ಬಿಎಲ್‌ಡಿಸಿಯ ತಿರುಗುವ ಭಾಗದಲ್ಲಿ ಶಾಶ್ವತ ಆಯಸ್ಕಾಂತ ಇರುತ್ತದೆ. ಹೊಸ ಸೀಲಿಂಗ್ ಫ್ಯಾನಿನಲ್ಲಿ, ಕರೆಂಟ್ ಸ್ಕೂಟರಿನಲ್ಲಿ ಇರುವುದೂ ಇದೇ ಜಾತಿ. ಕಾಂತ ಹುಟ್ಟಿಸಲು ಬೇರೆ ಕರೆಂಟ್ ಬೇಡ, ಹಾಗಾಗಿ ಅದೇ ಬಿಸಿಲಿನಲ್ಲಿ ಸ್ವಲ್ಪ ಹೆಚ್ಚು ನೀರು. ಆದರೆ ಕಂಟ್ರೋಲರ್ ಇಲ್ಲದೆ ಅದು ಅಲುಗಾಡುವುದಿಲ್ಲ. ಕಂಟ್ರೋಲರ್ ಕೆಟ್ಟರೆ ಕಂಪನಿಯವರೇ ಬರಬೇಕು. ಎಸಿ ಬಗೆಯದ್ದು ನಮ್ಮ ಮಾಮೂಲಿ ತ್ರೀ ಫೇಸ್ ಮೋಟಾರ್, ನಡುವೆ ಪ್ಯಾನೆಲ್ಲಿನ ಡಿಸಿ ಕರೆಂಟನ್ನು ತ್ರೀ ಫೇಸ್ ಎಸಿ ಮಾಡಿ ಕೊಡುವ ಒಂದು ಡ್ರೈವ್ ಅಷ್ಟೆ. ಮುಂದೆ ಲೈನ್ ಬಂದರೆ ಅದೇ ಮೋಟಾರನ್ನು ಕರೆಂಟಿನಲ್ಲೂ ಓಡಿಸಬಹುದು, ಕಾಯಿಲ್ ಹೋದರೆ ಊರಲ್ಲೇ ಸುತ್ತಿಸಬಹುದು. ಸರ್ವಿಸ್ ಹತ್ತಿರ ಇದ್ದು ಸಣ್ಣ ಪಂಪ್ ಸಾಕಾದರೆ ಬಿಎಲ್‌ಡಿಸಿ. ದೂರದ ಹಳ್ಳಿಗೆ, 5 ಎಚ್‌ಪಿ ಮೇಲಿನದಕ್ಕೆ ಎಸಿ. ಇದು ನನ್ನ ತೀರ್ಮಾನ.

ಆಳದ ಬೋರಿನವರು ಒಂದು ವಿಷಯ ತಿಳಿದಿರಬೇಕು. ಪಂಪಿನ ವೇಗ ಅರ್ಧವಾದರೆ ಅದು ತಳ್ಳಬಲ್ಲ ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ. ಬೆಳಗಿನ ಎಳೆ ಬಿಸಿಲಿನಲ್ಲಿ, ಮೋಡದ ದಿನ, ಮೋಟಾರ್ ತಿರುಗುತ್ತಿರುತ್ತದೆ, ಮೇಲೆ ಹನಿ ನೀರು ಬರುವುದಿಲ್ಲ. 100 ಅಡಿಯ ನೀರಿಗೆ ಸೋಲಾರ್ ದಿನವಿಡೀ ದುಡಿಯುತ್ತದೆ. 500 ಅಡಿಗೆ ನಡುಮಧ್ಯಾಹ್ನದ ಕೆಲವೇ ಗಂಟೆ. ಇದಕ್ಕೆ ತೊಟ್ಟಿ ಕಟ್ಟಿ ನೀರು ಕೂಡಿಟ್ಟು, ಡ್ರಿಪ್‌ಗೆ ಬಿಡುವುದೇ ದಾರಿ.

2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯ ಬಿ ಭಾಗದಲ್ಲಿ ಲೈನ್ ಇಲ್ಲದ ಜಮೀನಿಗೆ ಸೋಲಾರ್ ಪಂಪಿಗೆ ಸಹಾಯಧನ ಇದೆ. ಕೇಂದ್ರದ ಪಾಲು ಶೇ 30. ರಾಜ್ಯ ತನ್ನ ಪಾಲನ್ನು ಶೇ 50ಕ್ಕೆ ಏರಿಸಿದ ಮೇಲೆ ರೈತರ ಕೈಯಿಂದ ಹೋಗುವುದು ಶೇ 20ರಷ್ಟು. ಸಹಾಯಧನ ಇಲ್ಲದೆ ಸ್ವಂತ ದುಡ್ಡಿನಲ್ಲಿ ಹಾಕಿಸುವುದಾದರೆ, ಲೈನ್ ಎಳೆಸುವ ಖರ್ಚಿನ ಜೊತೆ ಹೋಲಿಸಿ ನೋಡಿ. 5 ಎಚ್‌ಪಿಗೆ 4,800 ವ್ಯಾಟಿನಷ್ಟು ಪ್ಯಾನೆಲ್ ಬೇಕು, ಅದಕ್ಕೆ ನೆರಳಿಲ್ಲದ ಜಾಗವೂ ಬೇಕು. ಚಾಮರಾಜನಗರದ ಓದುಗರ ನೀರು 150 ಅಡಿಯಲ್ಲೇ ಇದೆ. ಅವರಿಗೆ ಸೋಲಾರ್ ಹಾಕಿಸಿ ಎಂದು ಧೈರ್ಯವಾಗಿ ಹೇಳಿದೆ. ಎಸಿ ಬಗೆಯದ್ದೇ ಇರಲಿ ಎಂದೆ, ಅವರಿಗೆ ಹತ್ತಿರದ ಸರ್ವಿಸ್ ಸೆಂಟರ್ ಅರ್ಧ ದಿನದ ದಾರಿ.

ಪ್ಯಾನೆಲ್ ಬೋರ್ಡ್

ಮೋಟಾರಿಗೆ ಕೈಬಿಚ್ಚಿ ಖರ್ಚು ಮಾಡಿ ಸ್ಟಾರ್ಟರಿಗೆ ಕೈ ಬಿಗಿ ಹಿಡಿಯಬೇಡಿ. ಒಂದು ಫೇಸ್ ಹೋದರೆ ಕಟ್ಟಾಗುವ ಪ್ರಿವೆಂಟರ್ ಇರಲೇಬೇಕು. ನೀರು ಖಾಲಿಯಾದಾಗ ಮೋಟಾರಿನ ಭಾರ ಇಳಿದು ಆಂಪ್ಸ್ ಕಡಿಮೆಯಾಗುತ್ತದೆ. ಅದನ್ನು ಗುರುತಿಸಿ ನಿಲ್ಲಿಸುವ ಡ್ರೈ ರನ್ ರಕ್ಷಣೆಯೂ ಬೇಕು. ನಮ್ಮ ಮೊದಲ ಎರಡು ಕಾಯಿಲ್‌ಗಳನ್ನು ಅದೊಂದೇ ಉಳಿಸುತ್ತಿತ್ತು. ಆಟೋ ಸ್ಟಾರ್ಟರ್ ಹಾಕಿಸಿದರೆ ಕರೆಂಟ್ ಬಂದ ಮೇಲೆ ಕೆಲವು ನಿಮಿಷ ತಡೆದು ಶುರುವಾಗುವ ಟೈಮರ್ ಇಡಿಸಿ. ಇಲ್ಲದಿದ್ದರೆ ಒಂದು ಟ್ರಾನ್ಸ್‌ಫಾರ್ಮರಿನ ಎಲ್ಲ ಮೋಟಾರುಗಳೂ ಒಟ್ಟಿಗೇ ಎದ್ದು ವೋಲ್ಟೇಜ್ ಕುಸಿಯುತ್ತದೆ. ಅಕ್ಕಪಕ್ಕದ ತೋಟದವರ ಜೊತೆ ಮಾತಾಡಿ, ಒಬ್ಬೊಬ್ಬರು ಎರಡೆರಡು ನಿಮಿಷ ಬಿಟ್ಟು ಇಟ್ಟುಕೊಂಡರೆ ಎಲ್ಲರ ಮೋಟಾರೂ ಬಾಳುತ್ತದೆ.

ಹೊಸ ಮೋಟಾರ್ ಓಡಿಸಿದಾಗ ನೀರು ಬಹಳ ಕಡಿಮೆ ಬಂದರೆ ಗಾಬರಿಯಾಗಬೇಡಿ. ಉಲ್ಟಾ ತಿರುಗುತ್ತಿರಬಹುದು. ಮೋಟಾರಿಗೆ ಹೋಗುವ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಎಲೆಕ್ಟ್ರೀಷಿಯನ್ ಅದಲುಬದಲು ಮಾಡಿದರೆ ಸರಿಯಾಗುತ್ತದೆ.

ಚಿಕ್ಕಪ್ಪನ ಮಗ ಹೋದ ವಾರ 3 ಎಚ್‌ಪಿ, ನೀರು ತುಂಬುವ ವಿ4 ಇಳಿಸಿದ. ಇಳಿಸಿದ ದಿನವೇ ಒಂದು ಮಾರ್ಕರ್ ಪೆನ್ನು ಕೊಟ್ಟು ಪ್ಯಾನೆಲ್ ಬಾಗಿಲ ಒಳಬದಿಯಲ್ಲಿ ಬರೆಸಿದೆ: ತಾರೀಕು, ಎಷ್ಟು ಪೈಪು, ಎಷ್ಟು ಅಡಿ, ಎಷ್ಟು ಸ್ಟೇಜು, ಓಡುವಾಗ ಮೂರು ಫೇಸಿನ ಆಂಪ್ಸ್ ಎಷ್ಟು. ಮುಂದಿನ ಏಪ್ರಿಲ್‌ನಲ್ಲಿ ಆಂಪ್ಸ್ ಮತ್ತೆ ನೋಡಿ, ಅದರ ಕೆಳಗೇ ಬರೆಯಬೇಕು ಎಂದು ಹೇಳಿ ಬಂದಿದ್ದೇನೆ.